ಸೀರೆ ಮೇಲೆ ಹಾಕಿದ ಡಿಸೈನ್ ಸ್ಟಿಕರ್ ಥರ ಕಾಣದಿರಲು ಏನು ಮಾಡಬೇಕು?

ಫೋಟೋದಲ್ಲಿ ಟೀ ಶರ್ಟ್ ಮೇಲೆ ಚೆನ್ನಾಗಿ ಕೂರುವ ಡಿಸೈನ್ ಸೀರೆ ಮೇಲೆ ಹಾಕಿದರೆ ಅಂಟಿಸಿದ ಹಾಗೆ ಕಾಣುತ್ತದೆ, ಫೋಟೋಶಾಪಿನಲ್ಲಿ ಮಲ್ಟಿಪ್ಲೈ (ಡಿಸೈನನ್ನು ಕೆಳಗಿನ ಬಣ್ಣದ ಜೊತೆ ಬೆರೆಸಿ ಕಡು ಮಾಡುವ ಮೋಡ್) ಕೊಟ್ಟರೂ ಸರಿಹೋಗುತ್ತಿಲ್ಲ ಅಂತ ಕೇಳಿದ್ದೀರಿ. ನಾನು ಹಾಸನದಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದೇನೆ, ಮದುವೆ ಆಲ್ಬಮ್ ಕೆಲಸವೇ ಜಾಸ್ತಿ. ಇದೇ ತಪ್ಪು ಮಾಡಿ ಬೈಸಿಕೊಂಡವನು ನಾನೂ. ಇಲ್ಲಿನ ಒಂದು ಸೀರೆ ಅಂಗಡಿಯವರು ಒಂದೇ ಹುಡುಗಿಯ ಫೋಟೋಗೆ ಆರು ಡಿಸೈನ್ ಹಾಕಿಕೊಡು ಅಂದಿದ್ದರು. ರಾತ್ರಿಯೆಲ್ಲ ಕೂತು ಮಾಡಿ ಕೊಟ್ಟೆ. ಯಜಮಾನರು ನೋಡಿ, "ಏನಪ್ಪಾ ಇದು, ಹುಡುಗಿಗೆ ಗಿಫ್ಟ್ ಪೇಪರ್ ಸುತ್ತಿದ್ದೀಯಲ್ಲ" ಅಂದರು.

ಇಡೀ ಸೀರೆ ಒಂದೇ ಬಟ್ಟೆ ಅಂದುಕೊಂಡಿದ್ದೇ ತಪ್ಪು. ಟೀ ಶರ್ಟಿಗೆ ಅದು ನಡೆಯುತ್ತದೆ. ಸೀರೆಯಲ್ಲಿ ಎದೆ ಮೇಲೆ ಬಟ್ಟೆ ಓರೆಯಾಗಿ ಹೋಗುತ್ತದೆ, ಸೆರಗು ನೇರ ಕೆಳಗೆ ಬೀಳುತ್ತದೆ, ನೆರಿಗೆಯಲ್ಲಿ ಮಡಚಿಕೊಂಡು ಒಳಗೇ ಹೋಗಿಬಿಡುತ್ತದೆ. ಅದಕ್ಕೆ ಮೊದಲು ಪೆನ್ ಟೂಲಿನಲ್ಲಿ ಸೆರಗು, ಎದೆ ಭಾಗ, ನೆರಿಗೆ, ಅಂಚು ಎಲ್ಲಕ್ಕೂ ಬೇರೆ ಬೇರೆ ಮಾಸ್ಕ್ (ಆ ಭಾಗದ ಆಚೆ ಡಿಸೈನ್ ಕಾಣದಂತೆ ಮಾಡುವ ಮರೆ) ಮಾಡಿಕೊಳ್ಳಿ. ಒಂದೊಂದಕ್ಕೂ ಡಿಸೈನಿನ ಒಂದು ಕಾಪಿ ಇಟ್ಟು, ಬಟ್ಟೆ ಹೋಗುವ ದಿಕ್ಕಿಗೆ ತಿರುಗಿಸಿ ವಾರ್ಪ್ ಮಾಡಿ. ಎಷ್ಟು ಬಗ್ಗಿಸಬೇಕು ಅಂತ ಅಂದಾಜು ಸಿಗದಿದ್ದರೆ ಬೇಲೂರಿನ ಮದನಿಕೆಯರ ಸೊಂಟದ ಪಟ್ಟಿ ನೋಡಿ, ಮೈ ಬಾಗಿದ ಕಡೆಗೆ ಅದೂ ಬಾಗಿರುತ್ತದೆ. ನಾನಂತೂ ಅಲ್ಲಿಂದಲೇ ಕಲಿತೆ.

ನೆರಿಗೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಸಿಕ್ಕಿಬೀಳುವುದೇ ಅಲ್ಲಿ. ಸೀರೆಯಲ್ಲಿ ಮಾವಿನಕಾಯಿ ಬುಟ್ಟಾ ಇದೆ ಅಂದುಕೊಳ್ಳಿ. ನಿಜವಾದ ನೆರಿಗೆಯಲ್ಲಿ ಅದು ಅರ್ಧಕ್ಕೇ ನಿಂತಿರುತ್ತದೆ, ಉಳಿದರ್ಧ ಮಡಿಕೆಯೊಳಗೆ. ಪಕ್ಕದ ನೆರಿಗೆಯಲ್ಲಿ ಇನ್ಯಾವುದೋ ಬುಟ್ಟಾದ ತುಂಡು ಶುರುವಾಗುತ್ತದೆ. ಡಿಸ್‌ಪ್ಲೇಸ್ ಫಿಲ್ಟರ್ ಇದನ್ನು ಮಾಡಿಕೊಡುವುದಿಲ್ಲ, ಅದು ಪಿಕ್ಸೆಲ್‌ಗಳನ್ನು ಅತ್ತಿತ್ತ ಸರಿಸುತ್ತದೆ ಅಷ್ಟೇ. ನೀವೇ ಒಂದೊಂದು ನೆರಿಗೆಯನ್ನೂ ಸೆಲೆಕ್ಟ್ ಮಾಡಿ, ಅದರೊಳಗಿನ ಡಿಸೈನನ್ನು ಸ್ವಲ್ಪ ಪಕ್ಕಕ್ಕೆ ತಳ್ಳಬೇಕು. ಎಂಟು ನೆರಿಗೆ ಇದ್ದರೆ ಎಂಟು ಸಲ. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ನನಗೆ ಸಿಕ್ಕಿಲ್ಲ.

ಇಷ್ಟಾದ ಮೇಲೆ ಸಣ್ಣ ಸುಕ್ಕುಗಳಿಗೆ ಡಿಸ್‌ಪ್ಲೇಸ್ ಬಳಸಿ. ಮೂಲ ಫೋಟೋವನ್ನು ಕಪ್ಪು ಬಿಳುಪು ಮಾಡಿ, ಗಾಸಿಯನ್ ಬ್ಲರ್ ಸ್ವಲ್ಪ ಕೊಟ್ಟು, ಅದೇ ಅಳತೆಯಲ್ಲಿ ಪಿಎಸ್‌ಡಿ ಫೈಲಾಗಿ ಬೇರೆ ಸೇವ್ ಮಾಡಿ, ಅದೇ ಮ್ಯಾಪ್, ಅಂದರೆ ಎಲ್ಲಿ ಎಷ್ಟು ಸರಿಸಬೇಕು ಅಂತ ಡಿಸ್‌ಪ್ಲೇಸ್‌ಗೆ ತೋರಿಸುವ ಫೈಲ್. ಬ್ಲರ್ ಬಿಟ್ಟರೆ ನೇಯ್ಗೆಯ ಎಳೆ ಎಳೆಗೂ ಡಿಸೈನ್ ಅದುರಿ ಅದರ ಗೆರೆಗಳು ಹರಿದ ಹಾಗೆ ಆಗುತ್ತವೆ. ಎಷ್ಟು ಸರಿಸಬೇಕು ಅಂತ ಹೇಳುವ ಸ್ಕೇಲ್ 10 ರಿಂದ ಶುರು ಮಾಡಿ, ಫೋಟೋ ದೊಡ್ಡದಿದ್ದರೆ ಏರಿಸಿ.

ಮಲ್ಟಿಪ್ಲೈ ಯಾಕೆ ಕೈಕೊಡುತ್ತದೆ ಅಂದರೆ, ಕೆಳಗಿನ ಸೀರೆಯ ಬಣ್ಣ ಹಾಗೇ ಇರುತ್ತದಲ್ವಾ? ಕೆಂಪು ಸೀರೆ ಮೇಲೆ ಹಸಿರು ಬಳ್ಳಿ ಇಟ್ಟು ಮಲ್ಟಿಪ್ಲೈ ಕೊಟ್ಟರೆ ಬಳ್ಳಿ ಹೆಚ್ಚುಕಮ್ಮಿ ಕಪ್ಪಾಗುತ್ತದೆ. ಮೊದಲು ಸೀರೆಯ ಬಣ್ಣ ತೆಗೆದು, ಲೆವೆಲ್ಸ್‌ನಲ್ಲಿ ತಿಳಿ ಮಾಡಿ, ಆಮೇಲೆ ಡಿಸೈನ್ ಇಡಿ. ರೇಷ್ಮೆಯಾದರೆ ಇನ್ನೊಂದು ತೊಂದರೆ, ಹೊಳಪು ಸತ್ತು ಕಾಟನ್ ಥರ ಕಾಣುತ್ತದೆ. ಲೇಯರ್ ಸ್ಟೈಲಿನಲ್ಲಿ ಬ್ಲೆಂಡ್ ಇಫ್ ಅಂತ ಇದೆ, ಕೆಳಗಿನ ಪಟ್ಟಿಯ ಬಿಳಿ ತುದಿಯನ್ನು ಆಲ್ಟ್ ಒತ್ತಿ ಎರಡಾಗಿ ಸೀಳಿ ಒಳಗೆ ಎಳೆಯಿರಿ, ಹೊಳಪು ಡಿಸೈನ್ ಮೇಲೆ ಮೆಲ್ಲಗೆ ಎದ್ದು ಬರುತ್ತದೆ.

ಯಾವ ಬಣ್ಣದ ಸೀರೆ ಅಂತ ನೀವು ಹೇಳಿಲ್ಲ. ಕಪ್ಪೋ ಕಡು ನೀಲಿಯೋ ಆದರೆ ಮ್ಯಾಪ್ ಕಡೆ ಗಮನ ಇರಲಿ. ಮ್ಯಾಪಿನಲ್ಲಿ 128 ರ ಬೂದು ಬಣ್ಣ (ಕಪ್ಪು ಬಿಳಿಯ ನಟ್ಟನಡುವಿನದು) ಇದ್ದ ಕಡೆ ಮಾತ್ರ ಏನೂ ಸರಿಯುವುದಿಲ್ಲ, ಅದಕ್ಕಿಂತ ಕಪ್ಪಾದರೆ ಒಂದು ಕಡೆಗೆ, ಬಿಳಿಯಾದರೆ ಇನ್ನೊಂದು ಕಡೆಗೆ ಸರಿಯುತ್ತದೆ. ಹಾಗಾಗಿ ಕಪ್ಪು ಸೀರೆಯಲ್ಲಿ ಇಡೀ ಡಿಸೈನೇ ಜಾರಿ ಅಂಚು ದಾಟಿಬಿಡುತ್ತದೆ. ಮ್ಯಾಪಿನಲ್ಲಿ ಬಟ್ಟೆಯ ಭಾಗವನ್ನು ನಡು ಬೂದಿಗೆ ತಂದುಕೊಂಡು ಒಮ್ಮೆ ಹಾಕಿ ನೋಡಿ, ಆಗಲೂ ಸರಿಹೋಗದಿದ್ದರೆ ನೆರಿಗೆ ಭಾಗದ ಫೋಟೋ ಇಲ್ಲೇ ಹಾಕಿ.