ಕಚ್ಚುವ ಮಗುವನ್ನು ಅಂಗನವಾಡಿಯಿಂದ ಬಿಡಿಸಬೇಕಾ?

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನಲ್ಲಿ ಅಂಗನವಾಡಿ ಟೀಚರ್. ಕಾಫಿ ತೋಟದ ಲೈನ್‌ಮನೆಗೆ (ಕೂಲಿಯವರ ಸಾಲುಮನೆ) ಅಸ್ಸಾಂನಿಂದ ಬಂದ ಕುಟುಂಬದ ನಾಲ್ಕು ವರ್ಷದ ಹುಡುಗ ನಮ್ಮಲ್ಲಿದ್ದಾನೆ. ಕನ್ನಡ ಬರಲ್ಲ. ಬೇರೆ ಮಕ್ಕಳನ್ನು ಕಚ್ಚುತ್ತಾನೆ. ಊರಿನ ತಾಯಂದಿರು ಅವನನ್ನು ಬಿಡಿಸಿ ಅಂತ ಜಗಳಕ್ಕೆ ಬರುತ್ತಿದ್ದಾರೆ. ಅವನನ್ನು ಮಾನಸಿಕ ವೈದ್ಯರಿಗೆ ತೋರಿಸಬೇಕಾ?

ಉತ್ತರ: ಬಿಡಿಸಬೇಡಿ ಟೀಚರ್. ವೈದ್ಯರ ವಿಷಯ ಆಮೇಲೆ ನೋಡೋಣ. ಮೊದಲು ಸಹಾಯ ಬೇಕಿರುವುದು ನಿಮಗೆ.

ಇದು ಮೂಡಿಗೆರೆಯ ಕಷ್ಟ ಮಾತ್ರ ಅಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಗಿಲಿಯಮ್ 2005ರಲ್ಲಿ ಅಲ್ಲಿನ ಸರ್ಕಾರಿ ಶಿಶುವಿಹಾರಗಳ ಲೆಕ್ಕ ತೆಗೆದರು. ಸಾವಿರ ಮಕ್ಕಳಿಗೆ ಇಷ್ಟು ಅಂತ ನೋಡಿದರೆ, ದೊಡ್ಡ ಮಕ್ಕಳ ಶಾಲೆಗಳ ಸುಮಾರು ಮೂರು ಪಟ್ಟು ಮಕ್ಕಳನ್ನು ಅಲ್ಲಿ ಹೊರಗೆ ಹಾಕುತ್ತಿದ್ದರು. ಅದರಲ್ಲೂ ಕಪ್ಪು ಮಕ್ಕಳು ಹೊರಬೀಳುವುದು ಬಿಳಿಯರ ಸುಮಾರು ಎರಡರಷ್ಟಿತ್ತು. ಮನೋತಜ್ಞರು ತರಗತಿಗೇ ಬಂದು ಟೀಚರ್ ಜೊತೆ ಕೂತು ಮಾತಾಡುತ್ತಿದ್ದ ಕಡೆ ಈ ಸಂಖ್ಯೆ ಕಡಿಮೆ ಇತ್ತು. ಹಾಗೇ ನಮ್ಮಲ್ಲೂ ಲೈನ್‌ಮನೆ ಮಕ್ಕಳ ಮೇಲೆ ತಪ್ಪು ಹುಡುಕುವ ಕಣ್ಣು ಸ್ವಲ್ಪ ಹೆಚ್ಚೇ ಇರುತ್ತದೆ, ಅಲ್ವಾ?

ಒಂದು ವಾರ ಬರೆದಿಡಿ. ಯಾವಾಗ ಕಚ್ಚುತ್ತಾನೆ? ಊಟ ಬಡಿಸುವ ಮೊದಲಾ, ಕನ್ನಡದ ಹಾಡು ಹೇಳಿಸುವಾಗಲಾ, ಸಹಾಯಕಿ ಇಲ್ಲದ ದಿನವಾ? ಬೇರೆ ಮಕ್ಕಳು ಹೊಡೆದಿದ್ದನ್ನೂ ಬರೆಯಿರಿ. ಮಾತು ಬರದ ಕಡೆ ಆಟಿಕೆ ಕಿತ್ತುಕೊಂಡರೆ 'ನಂದು' ಅನ್ನಲಾಗದ ಮಗುವಿಗೆ ಹಲ್ಲೇ ಗತಿ. ನೀರು, ಹಸಿವು, ಬೇಡ, ನೋವು, ಉಚ್ಚೆ, ಈ ಐದಕ್ಕೆ ಅವರ ಮನೆಯಲ್ಲಿ ಏನಂತಾರೆ ಎಂದು ಅವನ ತಾಯಿಯಿಂದಲೇ ಕಲಿಯಿರಿ. ಆಕೆಯನ್ನು ಮಧ್ಯಾಹ್ನ ಮೀಟಿಂಗಿಗೆ ಕರೆಯಬೇಡಿ. ಕೊಯ್ಲಿನ ಕಾಲದಲ್ಲಿ ಅರ್ಧ ದಿನ ಬಿಟ್ಟು ಬಂದರೆ ಕೂಲಿ ಹೋಗುತ್ತದೆ. ಸಂಜೆ ನೀವೇ ಲೈನ್ ಕಡೆ ಹೋಗಿ. ಹೋದಾಗ ದೂರು ಹೇಳಬೇಡಿ, ಅವನು ಚೆನ್ನಾಗಿ ಮಾಡುವ ಒಂದು ಕೆಲಸದಿಂದ ಮಾತು ಶುರುಮಾಡಿ.

ತಾಯಿಗೆ ಇನ್ನೊಂದು ಕೇಳಿ. ಮನೆಯ ಭಾಷೆಯಲ್ಲಾದರೂ ಅವನು ಮಾತಾಡುತ್ತಾನಾ? ಅಲ್ಲೂ ಮಾತಿಲ್ಲ, ಕರೆದರೆ ತಿರುಗುವುದಿಲ್ಲ, ಬರುತ್ತಿದ್ದ ಮಾತೂ ನಿಂತಿದೆ ಅಂದರೆ ತಡಮಾಡಬೇಡಿ. ಮೊದಲು ಕಿವಿ ಪರೀಕ್ಷೆ ಆಗಲಿ. ಮಕ್ಕಳ ಆರೋಗ್ಯ ತಪಾಸಣೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಅದನ್ನೇ ಕಾಯದೆ ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ತೋರಿಸಿ.

ಊರಿನ ತಾಯಂದಿರ ಸಿಟ್ಟು ಸುಳ್ಳಲ್ಲ, ಅವರ ಮಕ್ಕಳಿಗೂ ನೋವಾಗಿದೆ. ಕಚ್ಚಿಸಿಕೊಂಡ ಮಗುವನ್ನು ಮೊದಲು ಎತ್ತಿಕೊಳ್ಳಿ, ಅದು ಅವರ ಕಣ್ಣಿಗೂ ಬೀಳಲಿ. ಆದರೆ ಬಿಡಿಸುವ ಮಾತು ಬಂದರೆ ಗಟ್ಟಿಯಾಗಿ ಹೇಳಿ: ಆರು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಅಂಗನವಾಡಿ ಸೇವೆ ಸಿಗಬೇಕು ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಮೇಲ್ವಿಚಾರಕಿಯವರಿಗೂ ಈಗಲೇ ತಿಳಿಸಿ, ಒಬ್ಬರೇ ಬೈಸಿಕೊಳ್ಳಬೇಡಿ. ತೂಕ, ಊಟ, ರಿಜಿಸ್ಟರ್, ಸರ್ವೆ ಎಲ್ಲ ನಿಮ್ಮ ತಲೆಮೇಲೇ ಇರುವಾಗ ತಾಳ್ಮೆ ಎಲ್ಲಿಂದ ಬರಬೇಕು? ನಿಮಗೇ ಸಾಕಾದ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.