ಹಳೇ ಗುಂಪಿಗೆ ಹೊಸ ಕೋಳಿ ಸೇರಿಸೋದು: ಮೊದಲು ಮುಖಪರಿಚಯ ಆಗಲಿ

ಹನ್ನೆರಡು ಸ್ವರ್ಣಧಾರಾ ತಳಿಯ ಹೇಟೆಗಳಿರೋ ಗೂಡಿಗೆ ಹತ್ತು ವಾರದ ನಾಲ್ಕು ನಾಟಿ ಮರಿಗಳನ್ನು ರಾತ್ರಿ ಬಿಟ್ಟೆ, ಬೆಳಗ್ಗೆ ಒಂದರ ತಲೆ ರಕ್ತ ಆಗಿತ್ತು ಅಂತ ಕೇಳಿದ್ದೀರಿ ಸರ್. ನಾಲ್ಕನ್ನೂ ಈಗಲೇ ಹೊರಗೆ ತೆಗೀರಿ. ರಕ್ತ ಕಂಡ ಕಡೆಗೇ ಬೇರೆ ಕೋಳಿಗಳೂ ಕುಕ್ಕುತ್ತವೆ, ಆ ಚಟ ಹತ್ತಿದರೆ ಬಿಡಿಸೋದು ತುಂಬಾ ಕಷ್ಟ. ಗಾಯಕ್ಕೆ ಉಪ್ಪುನೀರಿನಲ್ಲಿ ತೊಳೆದು ಪೊವಿಡೋನ್ ಅಯೋಡಿನ್ ಹಚ್ಚಿ. ಪೂರ್ತಿ ಒಣಗೋವರೆಗೂ ಆ ಮರಿ ಜಾಲರಿಯ ಹಿಂದೆ, ಆದರೆ ಉಳಿದ ಮೂರರ ಕಣ್ಣೆದುರೇ ಇರಲಿ.

ರಾತ್ರಿ ಬಿಟ್ಟರೆ ಬೆಳಗ್ಗೆ ಹಳೇ ಕೋಳಿಗಳಿಗೆ ಗೊತ್ತಾಗಲ್ಲ ಅನ್ನೋ ಮಾತು ಎಲ್ಲಾ ಕಡೆ ಇದೆ. ಗೊತ್ತಾಗುತ್ತೆ. ಎಲ್ಲಕ್ಕೂ ಬೇವಿನೆಣ್ಣೆ ಸವರಿದರೆ ಒಂದೇ ವಾಸನೆ ಬರುತ್ತೆ, ಹೊಸದು ಯಾವುದು ಅಂತ ತಿಳಿಯಲ್ಲ ಅಂತ ಕೆಲವರು ಹೇಳ್ತಾರೆ. ಅದೂ ಇಲ್ಲಿ ಕೆಲಸ ಮಾಡಲ್ಲ, ಯಾಕಂದರೆ ಕೋಳಿ ಕೋಳಿಯನ್ನು ಗುರುತಿಸೋದು ಮುಖ್ಯವಾಗಿ ಕಣ್ಣಿನಿಂದ. ಜುಟ್ಟಿನ ಆಕಾರ, ಮುಖ, ತಲೆ ಭಾಗದ ಬಣ್ಣ, ಇವೇ ಗುರುತು. ಅದಕ್ಕೇ ಗುರುತಿಗೆ ಅಂತ ತಲೆ ಮೇಲೆ ಬಣ್ಣ ಬಳಿಯಬೇಡಿ. ಗುಂಪಿನಲ್ಲಿ ಒಂದೆರಡಕ್ಕೆ ಮಾತ್ರ ಹಾಗೆ ಬಳಿದರೆ ಹಳೇ ಕೋಳಿಗೂ ಏಟು ಬೀಳಬಹುದು. ಕಾಲಿಗೆ ರಿಂಗ್ ಹಾಕಿ, ಸಾಕು.

ನಾರ್ವೆಯ ಪ್ರಾಣಿವಿಜ್ಞಾನಿ ಥಾರ್ಲೀಫ್ ಶೆಲ್ಡರಪ್-ಎಬ್ಬೆ 1922ರಲ್ಲಿ ಪ್ರಕಟಿಸಿದ್ದು ಇದೇ ವಿಷಯ: ಗುಂಪಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಅನ್ನೋದಕ್ಕೆ ಒಂದು ಕ್ರಮ ಇರುತ್ತೆ, ಕೋಳಿಗಳು ಒಂದೊಂದನ್ನೂ ಬೇರೆಬೇರೆಯಾಗಿ ಗುರುತಿಟ್ಟುಕೊಂಡಿರೋದರಿಂದಲೇ ಆ ಕ್ರಮ ನಿಲ್ಲುತ್ತೆ. ಕ್ರಮ ಗಟ್ಟಿಯಾದ ಗುಂಪಿನಲ್ಲಿ ಜಗಳ ಕಡಿಮೆ. ಹೊಸ ಮುಖ ಬಂದರೆ ಅದರ ಜಾಗ ಯಾವುದು ಅಂತ ಮತ್ತೆ ತೀರ್ಮಾನ ಆಗಬೇಕು, ನಿಮ್ಮ ಗೂಡಲ್ಲಿ ನಡೆದದ್ದು ಅದೇ.

ಇದಕ್ಕಿಂತ ನಮಗೆ ಉಪಯೋಗ ಆಗೋದು 1996ರಲ್ಲಿ ಕೆನಡಾದ ಸಂಶೋಧಕರಾದ ಹೋಗ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ. ತನ್ನ ಮೇಲಿನ ಯಜಮಾನಿ ಕೋಳಿ ಒಂದು ಅಪರಿಚಿತ ಕೋಳಿಗೆ ಸೋಲೋದನ್ನು ನೋಡಿದ ಹೇಟೆ, ಆ ಅಪರಿಚಿತನ ತಂಟೆಗೇ ಹೋಗಲಿಲ್ಲ. ಯಜಮಾನಿಯೇ ಗೆದ್ದದ್ದನ್ನು ನೋಡಿದ ಹೇಟೆಗಳು ಧೈರ್ಯವಾಗಿ ಮೇಲೆ ಬಿದ್ದವು. ಅಂದರೆ ಬೇರೆಯವರ ಜಗಳ ನೋಡಿಯೇ ಕೋಳಿ ಲೆಕ್ಕ ಹಾಕುತ್ತೆ. ಹಾಗಾಗಿ ಮೊದಲ ದಿನವೇ ಹೊಸ ಮರಿ ದೊಡ್ಡ ಹೇಟೆಯ ಕೈಲಿ ಎಲ್ಲರೆದುರು ಪೆಟ್ಟು ತಿನ್ನೋಹಾಗೆ ಬಿಡೋದೇ ದೊಡ್ಡ ತಪ್ಪು ಅನ್ನೋದು ನನ್ನ ಅಭಿಪ್ರಾಯ. ಎಲ್ಲರ ಜೊತೆ ಬಿಡೋ ಮೊದಲು ಕೆಳಗಿನ ಸಾಲಿನ ಸಾಧು ಹೇಟೆ ಎರಡನ್ನು ಆರಿಸಿ, ಬೇರೆ ಜಾಗದಲ್ಲಿ ಮರಿಗಳ ಜೊತೆ ಮೂರು ನಾಲ್ಕು ದಿನ ಇಡಿ. ಫೀಡರ್ ಹತ್ತಿರ ಯಾವಾಗಲೂ ಕೊನೆಗೆ ಬರೋವು ಅವೇ.

ಗೂಡಿನ ಒಂದು ಮೂಲೆಗೆ ಅರ್ಧ ಇಂಚು ಕಣ್ಣಿನ ಜಾಲರಿ ಕಟ್ಟಿ ಮರಿಗಳನ್ನು ಅದರೊಳಗೆ ಬಿಡಿ. ಎರಡು ಇಂಚು ಕಣ್ಣಿನದು ಬೇಡ, ಮರಿ ತಲೆ ಹೊರಗೆ ಹಾಕಿ ಏಟು ತಿನ್ನುತ್ತೆ. ಜಾಲರಿಯ ಎರಡೂ ಬದಿ ಫೀಡರ್ ಹತ್ತಿರ ಹತ್ತಿರ ಇಟ್ಟರೆ ಎದುರುಬದುರು ನಿಂತು ತಿಂದೇ ಅಭ್ಯಾಸ ಆಗುತ್ತೆ. ದೊಡ್ಡ ಕೋಳಿಗಳಿಗೆ ಇಷ್ಟಕ್ಕೆ ಒಂದೂವರೆ ವಾರ ಸಾಕು, ನಿಮ್ಮ ಮರಿಗಳು ಹದಿನಾರು ವಾರದವರೆಗೂ ಅಲ್ಲೇ ಇರಲಿ. ಲೇಯರ್ ಫೀಡಿನಲ್ಲಿ (ಮೊಟ್ಟೆ ಇಡೋ ಕೋಳಿಯ ಮೇವು) ಕ್ಯಾಲ್ಸಿಯಂ 3.5ರಿಂದ 4 ಶೇಕಡಾ ಇರುತ್ತೆ, ಮರಿಗಳ ಮೂತ್ರಪಿಂಡಕ್ಕೆ ಅದು ಕೆಟ್ಟದ್ದು. ಸೇರಿಸೋ ಸಮಯದಲ್ಲಿ ಎಲ್ಲಕ್ಕೂ ಗ್ರೋಯರ್ ಫೀಡೇ (ಬೆಳೆಯೋ ಮರಿಗಳ ಮೇವು) ಹಾಕಿ, ಮೊಟ್ಟೆ ಇಡೋವಕ್ಕೆ ಕ್ಯಾಲ್ಸಿಯಂಗೆ ಕಪ್ಪೆಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿ ಇಡಿ.

ಸ್ವರ್ಣಧಾರಾ ಮೈಭಾರದ ಕೋಳಿ, ಗಾತ್ರದಲ್ಲಿ ನಾಟಿ ಅದಕ್ಕೆ ಸಮ ಬರಲ್ಲ. ಆದ್ದರಿಂದ ಓಡಿ ಪಾರಾಗೋಕೆ ದಾರಿ ಬೇಕೇ ಬೇಕು. ಒಟ್ಟಿಗೆ ಬಿಡೋವಾಗ ಜಾಲರಿಯಲ್ಲಿ 5 ಇಂಚು ಅಗಲ, 5 ಇಂಚು ಎತ್ತರದ ಕಿಂಡಿ ಬಿಡಿ. ಮರಿ ನುಸುಳುತ್ತೆ, ದೊಡ್ಡ ಹೇಟೆ ನುಸುಳಲ್ಲ. ನಾಲ್ಕಡಿ ಎತ್ತರದಲ್ಲಿ ಒಂದು ಗಳ ಕಟ್ಟಿ, ನಾಟಿ ಸಲೀಸಾಗಿ ಹಾರಿ ಕೂರುತ್ತೆ. ನೆಲದಲ್ಲಿ ಅಲ್ಲಲ್ಲಿ ಹಲಗೆ ಓರೆಯಾಗಿ ನಿಲ್ಲಿಸಿದರೆ ಮರೆ ಸಿಗುತ್ತೆ, ಆದರೆ ಎರಡೂ ಕಡೆ ತೆರೆದಿರಲಿ. ಮೂಲೆಗೆ ಸಿಕ್ಕಿಕೊಂಡ ಮರಿ ಶರಣಾದರೂ ಓಡಿಹೋಗೋಕೆ ಆಗಲ್ಲ, ಹೆಚ್ಚಿನ ಗಾಯ ಆಗೋದು ಅಲ್ಲೇ. ಕೊಕ್ಕು ಕತ್ತರಿಸಿ ಅನ್ನೋ ಸಲಹೆ ದಯವಿಟ್ಟು ಬೇಡ. ಕೊಕ್ಕಿನಲ್ಲಿ ನರ ಇದೆ, ನೋವು ಉಳಿಯಬಹುದು. ಹೊರಗೆ ಮೇಯೋ ಕೋಳಿಗೆ ಹುಳ ಹಿಡಿಯೋಕೂ ಕಷ್ಟ ಆಗುತ್ತೆ.

ಇನ್ನೊಂದು. ಹೊರಗಿಂದ ತಂದವನ್ನು 21 ದಿನ ಪೂರ್ತಿ ಬೇರೆ ಇಡಬೇಕಿತ್ತು. ಈಗ ಬೆರೆತಾಗಿದೆ, ಹಾಗಾಗಿ ಮೂರು ವಾರ ಎರಡೂ ಗುಂಪಿನ ಮೇಲೆ ಕಣ್ಣಿಡಿ. ಹಸಿರು ಭೇದಿ, ಕುತ್ತಿಗೆ ತಿರುಚೋದು, ಉಸಿರಿನಲ್ಲಿ ಗೊರಗೊರ ಕಂಡರೆ ಕೊಕ್ಕರೆ ರೋಗ (ರಾಣಿಖೇತ್) ಇರಬಹುದು, ಪಶುವೈದ್ಯರನ್ನು ಕರೆಸಿ.

ಒಟ್ಟಿಗೆ ಬಿಟ್ಟ ಮೇಲೆ ಅಟ್ಟಾಡಿಸೋದು, ತಲೆಗೆ ಒಂದು ಕುಕ್ಕು, ಇದು ಸಹಜ. ಮಧ್ಯೆ ಹೋಗಬೇಡಿ. ಒಂದೇ ಹೇಟೆ ಬಿಡದೆ ಬೆನ್ನಟ್ಟುತ್ತಿದ್ದರೆ ಮರಿಯನ್ನಲ್ಲ, ಆ ಹೇಟೆಯನ್ನೇ ನಾಲ್ಕೈದು ದಿನ ಕಣ್ಣಿಗೆ ಬೀಳದ ಕಡೆ ಇಡಿ. ವಾಪಸ್ ಬಂದಾಗ ಅದರ ಹಳೇ ಜೋರು ಸಾಮಾನ್ಯವಾಗಿ ಇರಲ್ಲ. ಮೇವಿನ ಜಾಗ ತಲಾ 10 ಸೆಂಟಿಮೀಟರ್ ಸಿಗಲಿ, ಫೀಡರ್ ಮೂರು ಇಟ್ಟು ದೂರ ದೂರ ಹಂಚಿ. ಸಂಜೆ ಗೂಡು ಸೇರಿದ ಮೇಲೆ ಪ್ರತಿ ಮರಿಯ ಕುತ್ತಿಗೆ ಕೆಳಗಿನ ಕಾಳಿನ ಚೀಲ ಮುಟ್ಟಿ ನೋಡಿ. ತುಂಬಿ ಗಟ್ಟಿಯಾಗಿದ್ದರೆ ಸರಿ. ಚಪ್ಪಟೆ ಇದ್ದರೆ ಆ ಮರಿಯನ್ನು ತಿನ್ನೋಕೆ ಬಿಟ್ಟಿಲ್ಲ ಅಂತ ಅರ್ಥ, ಮರುದಿನ ಇನ್ನೊಂದು ಫೀಡರ್ ಕಿಂಡಿಯ ಒಳಗಡೆ ಇಡಿ.