ಓದಿ ಮಲಗಿದರೆ ನಿದ್ದೆ ಇಲ್ಲ

ಪ್ರಶ್ನೆ: ಪರೀಕ್ಷೆ ಹತ್ತಿರ ಬಂತು. ರಾತ್ರಿ ಒಂದರವರೆಗೆ ಓದುತ್ತೇನೆ. ಮಲಗಿದರೆ ನಿದ್ದೆ ಹತ್ತುವುದಿಲ್ಲ, ಕುತ್ತಿಗೆಯೂ ಬಿಗಿಯುತ್ತದೆ. ಯೋಗದಿಂದ ಪ್ರಯೋಜನ ಉಂಟಾ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಕೊಣಾಜೆ

ಉತ್ತರ: ಖಂಡಿತ ಉಂಟು. ಆದರೆ ರಾತ್ರಿ ಸೂರ್ಯನಮಸ್ಕಾರ ಬೇಡ, ಮೈ ಬಿಸಿಯೇರಿ ಎಚ್ಚರ ಹೆಚ್ಚುತ್ತದೆ. ಅದು ಬೆಳಗ್ಗೆ, ಖಾಲಿ ಹೊಟ್ಟೆಗೆ. ಮಲಗುವ ಮುಂಚೆ ಭ್ರಾಮರಿ, ಅಂದರೆ ದುಂಬಿಯಂತೆ ಗುಂಯ್‌ಗುಡುವ ಪ್ರಾಣಾಯಾಮ ಮಾಡಿ. ಬೆನ್ನು ನೇರ, ತುಟಿ ಮುಚ್ಚಿ, ಮೇಲಿನ ಕೆಳಗಿನ ಹಲ್ಲು ತಾಗದಿರಲಿ. ಮೂಗಿನಿಂದ ಉಸಿರೆಳೆದು, ಬಿಡುವಾಗ ಮೆಲ್ಲಗೆ ಗುಂಯ್‌ಗುಡಿ, 5ರಿಂದ 7 ಸಲ. ನಿಶ್ವಾಸ ಉದ್ದವಾದಷ್ಟು ಎದೆಬಡಿತ ನಿಧಾನವಾಗುತ್ತದೆ. ಹೆಚ್ಚಿನವರು ಜೋರಾಗಿ ಮಾಡಿ ಗಂಟಲು ಕೆರೆಸಿಕೊಳ್ಳುತ್ತಾರೆ. ಪಕ್ಕದ ಮಂಚದವಳಿಗೆ ಕೇಳಿಸದಷ್ಟು ಸಾಕು.

ಕುತ್ತಿಗೆಗೆ ಸಂಜೆ ಭುಜಂಗಾಸನ (ಬೋರಲು ಮಲಗಿ ಎದೆ ಎತ್ತುವುದು), 15 ಸೆಕೆಂಡಿನಂತೆ 3 ಸಲ. ಹೊಕ್ಕುಳು ನೆಲ ಬಿಡಬಾರದು, ತಲೆಯನ್ನು ಹಿಂದಕ್ಕೆ ಎಸೆಯಬಾರದು. ಕೈ ಜೋಮು ಹಿಡಿದರೆ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಯೋಗ ವಿಜ್ಞಾನ ವಿಭಾಗವೇ ಉಂಟು. ಭಂಗಿ ತಿದ್ದಿಸಿಕೊಳ್ಳಲು ಅಲ್ಲಿ ವಿಚಾರಿಸಿ.